ಮುಧೋಳದಿಂದ ಬೆಂಗಳೂರಿಗೆ ನಾಯಿಮರಿ ತರುವುದು ಹೇಗೆ? ದೂರದ ದಾರಿಗೆ ಒಂದು ಮಾರ್ಗದರ್ಶಿ

‘ಮುಧೋಳದಲ್ಲಿ ಮರಿ ನೋಡಿ ಬಂದಿದ್ದೇವೆ, ಬೆಂಗಳೂರಿಗೆ ಹೇಗೆ ತರೋದು?’ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೆಲವರ ಹತ್ತಿರ ಕಾರಿದೆ. ಕೆಲವರು ರೈಲಿನಲ್ಲಿ ತರಬೇಕು ಎನ್ನುತ್ತಾರೆ. ಇನ್ನು ಕೆಲವರು, ‘ಮಾರುವವರೇ ರಾತ್ರಿ ಬಸ್ಸಿಗೆ ಹಾಕಿ ಕಳಿಸ್ತಾರಂತೆ, ಬೆಳಗ್ಗೆ ಹೋಗಿ ಇಳಿಸಿಕೊಂಡರೆ ಆಯ್ತಲ್ವಾ?’ ಎಂದು ಕೇಳುತ್ತಾರೆ. ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಕೊನೆಯವರಿಗೆ ಮಾತ್ರ ಉತ್ತರ ಈಗಲೇ ಹೇಳಿಬಿಡುತ್ತೇನೆ: ದಯವಿಟ್ಟು ಬೇಡ.

ಇಡೀ ಲೇಖನ ಓದಲು ಪುರುಸೊತ್ತಿಲ್ಲ ಎನ್ನುವವರು ಎರಡು ಮಾತು ಇಟ್ಟುಕೊಳ್ಳಿ. ಮರಿ ತರಲು ನೀವೇ ಹೋಗಿ. ಮನೆ ಮುಟ್ಟುವವರೆಗೆ ಅದರ ಪಾದ ದಾರಿಯ ನೆಲಕ್ಕೆ ತಾಗಿಸಬೇಡಿ. ಮಿಕ್ಕದ್ದೆಲ್ಲ ಈ ಎರಡರ ಸುತ್ತಲೇ ಇದೆ.

ನಾನು ಮುಧೋಳ ನಾಯಿಯನ್ನೇ ಉದಾಹರಣೆಗೆ ತೆಗೆದುಕೊಂಡಿದ್ದೇನೆ. ಬಾಗಲಕೋಟೆ ಜಿಲ್ಲೆಯ ಈ ಬೇಟೆ ನಾಯಿಯ ಚಿತ್ರ 2005ರಲ್ಲಿ ಅಂಚೆ ಚೀಟಿಯಲ್ಲಿ ಬಂತು. 2016ರಲ್ಲಿ ಸೇನೆಯವರು ತರಬೇತಿಗೆಂದು ಮರಿಗಳನ್ನು ಮೀರತ್‌ಗೆ ಒಯ್ದರು. ಆಮೇಲೆ ದೂರದ ಊರುಗಳಿಂದ ಕೇಳುವವರು ಜಾಸ್ತಿ ಆದರು. ಮುಧೋಳದಿಂದ ಬೆಂಗಳೂರಿಗೆ ರಸ್ತೆಯಲ್ಲಿ 500 ಕಿಲೋಮೀಟರಿಗೂ ಮಿಕ್ಕಿದ ದಾರಿ. ನಿಲ್ಲಿಸಿಕೊಂಡು ಬಂದರೆ 11-12 ಗಂಟೆ ಹಿಡಿಯುತ್ತದೆ. ಎರಡು ತಿಂಗಳ ಮರಿಗೆ ಇದು ಸಣ್ಣ ಪ್ರಯಾಣವಲ್ಲ. ನಿಮ್ಮ ಮರಿ ಬೇರೆ ಜಾತಿಯದಾಗಿದ್ದರೂ, ಬೇರೆ ಊರಿನದಾಗಿದ್ದರೂ ಇಲ್ಲಿರುವ ಹೆಚ್ಚಿನ ಮಾತು ಅದಕ್ಕೂ ಹೊಂದುತ್ತದೆ.

1. ಮೊದಲು ವಯಸ್ಸು ಕೇಳಿ, ಆಮೇಲೆ ಬೆಲೆ

ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. 2017ರ ನಾಯಿ ತಳಿ ಬೆಳೆಸುವ ಮತ್ತು ಮಾರುವ ನಿಯಮಗಳಲ್ಲಿ ಇದು ಸ್ಪಷ್ಟವಾಗಿದೆ. ಆದರೂ ‘35 ದಿನ ಆಗಿದೆ, ರೊಟ್ಟಿ ತಿನ್ನುತ್ತದೆ, ತಗೊಂಡು ಹೋಗಿ’ ಎನ್ನುವವರು ಸಿಗುತ್ತಾರೆ. ಒಪ್ಪಬೇಡಿ. ಎಂಟು ವಾರದೊಳಗೆ ಮರಿ ತಾಯಿ ಮತ್ತು ಒಡಹುಟ್ಟುಗಳ ಜೊತೆ ಇದ್ದು, ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಕಲಿಯುತ್ತದೆ. ಬೇಗ ಬೇರೆ ಮಾಡಿದ ಮರಿ ಹೆದರಿಕೆ ಸ್ವಭಾವದ್ದಾಗಬಹುದು. ಅದಕ್ಕಿಂತ ಮುಖ್ಯವಾಗಿ, ಅಷ್ಟು ಎಳೆಯ ಮೈ ಇಡೀ ದಿನದ ಪ್ರಯಾಣ ತಡೆಯುವುದಿಲ್ಲ.

ಎಂಟರಿಂದ ಹತ್ತು ವಾರದ ಮರಿ ಒಳ್ಳೆಯದು. ಮೊದಲ ಲಸಿಕೆ ಆಗಿ ಒಂದು ವಾರವಾದರೂ ಕಳೆದಿರಲಿ. ಚುಚ್ಚುಮದ್ದು ಹಾಕಿಸಿದ ಮರುದಿನವೇ ಕಾರಿಗೆ ಹತ್ತಿಸಿದರೆ, ದಾರಿಯಲ್ಲಿ ಮಂಕಾಗಿ ಮಲಗಿದಾಗ ಅದು ಲಸಿಕೆಯ ಸುಸ್ತೋ, ಪ್ರಯಾಣದ ಸುಸ್ತೋ, ಕಾಯಿಲೆಯೋ ಎಂದು ನಿಮಗೆ ಗೊತ್ತಾಗುವುದಿಲ್ಲ.

ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಕೇಂದ್ರವಿದೆ. ಅಲ್ಲಿಂದ ಮರಿ ಬೇಕಾದರೆ ಮೊದಲೇ ಹೆಸರು ಬರೆಸಿ ಕಾಯಬೇಕು. ಸುತ್ತಮುತ್ತಲ ಹಳ್ಳಿಗಳಲ್ಲೂ ತಲೆಮಾರುಗಳಿಂದ ಈ ನಾಯಿ ಸಾಕುವ ಮನೆಗಳಿವೆ. ಎಲ್ಲಿಂದ ತಂದರೂ ತಾಯಿನಾಯಿಯನ್ನು ಕಣ್ಣಾರೆ ನೋಡಿ. ‘ತಾಯಿ ಬೇರೆ ಹೊಲದಲ್ಲಿದೆ’ ಎಂದರೆ ಆ ಮರಿ ಎಲ್ಲಿಂದಲೋ ಬಂದದ್ದಿರಬಹುದು.

2. ಯಾವುದರಲ್ಲಿ ತರುವುದು?

ಕಾರು: ನನ್ನ ಆಯ್ಕೆ ಯಾವತ್ತೂ ಕಾರೇ. ಸ್ವಂತದ್ದಿಲ್ಲದಿದ್ದರೆ ಬಾಡಿಗೆ ಕಾರು ಮಾಡಿ. ಗಾಡಿ ಗೊತ್ತು ಮಾಡುವಾಗಲೇ ‘ನಾಯಿಮರಿ ಇರುತ್ತದೆ’ ಎಂದು ಹೇಳಿ ಒಪ್ಪಿಸಿಕೊಳ್ಳಿ. ಮುಧೋಳದಲ್ಲಿ ಹತ್ತಿಸುವಾಗ ಚಾಲಕ ತಕರಾರು ತೆಗೆದರೆ ದಿನವೇ ಹಾಳು. ಇಬ್ಬರು ಇರಲೇಬೇಕು, ಒಬ್ಬರು ಓಡಿಸಲು, ಒಬ್ಬರು ಮರಿಯ ಪಕ್ಕ. ಒಬ್ಬರೇ ಹೋಗಿ ಮರಿಯನ್ನು ಮುಂದಿನ ಸೀಟಿನಲ್ಲಿ ಬಿಟ್ಟುಕೊಂಡು ಬರುವುದು ಅಪಾಯ. ಅದು ಕಾಲಡಿಗೆ, ಬ್ರೇಕಿನ ಕೆಳಗೆ ನುಗ್ಗಿಬಿಡುತ್ತದೆ.

ರೈಲು: ಇಲ್ಲೇ ಜನ ಜಾಸ್ತಿ ಮೋಸ ಹೋಗುವುದು. ಸ್ಲೀಪರ್, ಥರ್ಡ್ ಏಸಿ, ಸೆಕೆಂಡ್ ಏಸಿ ಡಬ್ಬಿಗಳಲ್ಲಿ ನಾಯಿಗೆ ಅವಕಾಶವಿಲ್ಲ. ಫಸ್ಟ್ ಏಸಿಯಲ್ಲಿ ಇಡೀ ಕೂಪೆ (ಇಬ್ಬರ ಕೋಣೆ) ಅಥವಾ ಕ್ಯಾಬಿನ್ (ನಾಲ್ವರ ಕೋಣೆ) ನಿಮ್ಮದೇ ಆಗಿದ್ದರೆ ಮಾತ್ರ ಜೊತೆಗೆ ಇಟ್ಟುಕೊಳ್ಳಬಹುದು. ಟಿಕೆಟ್ ಮಾಡುವಾಗ ಕೂಪೆ ಸಿಗುತ್ತದೆಂಬ ಖಾತ್ರಿ ಇರುವುದಿಲ್ಲ. ಯಾರಿಗೆ ಯಾವ ಕೋಣೆ ಎಂಬುದು ಚಾರ್ಟ್ ಆದಾಗಲೇ ತಿಳಿಯುವುದು. ಅದಕ್ಕೇ ಕೂಪೆ ಬೇಕೆಂದು ರೈಲ್ವೆಗೆ ಮೊದಲೇ ಅರ್ಜಿ ಕೊಡಬೇಕು. ಮರಿಗೆ ಬೇರೆ ಚೀಟಿಯನ್ನು ನಿಲ್ದಾಣದ ಪಾರ್ಸೆಲ್ ಕಚೇರಿಯಲ್ಲಿ ಮಾಡಿಸಬೇಕು. ಟಿಕೆಟ್, ಗುರುತಿನ ಚೀಟಿ, ಲಸಿಕೆ ಕಾರ್ಡ್, ವೈದ್ಯರ ಪ್ರಮಾಣಪತ್ರ ಇವೆಲ್ಲದರ ಎರಡೆರಡು ನಕಲು ಹಿಡಿದು ಸಾಕಷ್ಟು ಮುಂಚೆ ಹೋಗಿ. ಬಾಗಲಕೋಟೆಯಿಂದ ಬಸವ ಎಕ್ಸ್‌ಪ್ರೆಸ್ ಇದೆ, ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಹಾದುಹೋಗುತ್ತದೆ. ನೀವು ಹೋಗುವ ದಿನ ಆ ರೈಲಿಗೆ ಫಸ್ಟ್ ಏಸಿ ಡಬ್ಬಿ ಇದೆಯಾ ಎಂದು ನೋಡಿಕೊಂಡೇ ಮುಂದುವರಿಯಿರಿ.

‘ಗಾರ್ಡ್ ಡಬ್ಬಿಯಲ್ಲಿ ನಾಯಿ ಪೆಟ್ಟಿಗೆ ಇರುತ್ತದಲ್ಲ, ಅದರಲ್ಲಿ ಹಾಕಿದರೆ?’ ನಿಯಮದ ಪ್ರಕಾರ ಹಾಕಬಹುದು. ಆದರೆ ಅದು ಕಬ್ಬಿಣದ ಗೂಡು. ಕತ್ತಲೆ, ಸದ್ದು, ಬಿಸಿ, ಪಕ್ಕದಲ್ಲಿ ಯಾರೂ ಇಲ್ಲ. ತಾಯಿಯನ್ನು ಬಿಟ್ಟು ಬಂದ ಮೊದಲ ರಾತ್ರಿ ಎರಡು ತಿಂಗಳ ಮರಿಯನ್ನು ಅಲ್ಲಿ ಇಡುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಹಿಂದೆ ಯಾವ ನಾಯಿ ಅಲ್ಲಿತ್ತು, ಅದಕ್ಕೆ ಏನು ಕಾಯಿಲೆ ಇತ್ತು ಎಂಬುದೂ ಗೊತ್ತಾಗುವುದಿಲ್ಲ.

ಬಸ್ಸು: ಸರ್ಕಾರಿ ಸಾರಿಗೆಯ ಸಾಮಾನ್ಯ ಕೆಂಪು ಬಸ್ಸುಗಳಲ್ಲಿ ಟಿಕೆಟ್ ತೆಗೆದು ಸಾಕುನಾಯಿ ಒಯ್ಯಬಹುದು. ರಾಜಹಂಸ, ಸ್ಲೀಪರ್, ಏಸಿ ಬಸ್ಸುಗಳಿಗೆ ಬಿಡುವುದಿಲ್ಲ. ಹೊರಡುವ ಮುಂಚೆ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೇಳಿ. ಹತ್ತಿರದ ಊರಿಗಾದರೆ ಸರಿ. ರಾತ್ರಿಯಿಡೀ ಸಾಮಾನ್ಯ ಬಸ್ಸಿನಲ್ಲಿ ಬೆಂಗಳೂರು ಎಂದರೆ ಮರಿಗೂ ಕಷ್ಟ, ನಿಮಗೂ ಕಷ್ಟ.

ವಿಮಾನ: ದೆಹಲಿಯಿಂದಲೋ ಕೋಲ್ಕತ್ತದಿಂದಲೋ ತರುವವರಿಗೆ ಇದೊಂದು ದಾರಿ. ಏರ್ ಇಂಡಿಯಾ ಮತ್ತು ಆಕಾಸ ಏರ್ ತೂಕದ ಮಿತಿಯೊಳಗೆ ಸಣ್ಣ ನಾಯಿಯನ್ನು ಕ್ಯಾಬಿನ್ನಿನಲ್ಲಿ ಒಯ್ಯಲು ಬಿಡುತ್ತವೆ. ಇಂಡಿಗೋ ಸಾಕುಪ್ರಾಣಿಗಳನ್ನು ಒಯ್ಯುವುದಿಲ್ಲ. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯ ಮರಿಯಾದರೆ ಸಾಮಾನಿನ ಜಾಗದಲ್ಲಿ ಹಾಕಲೇಬೇಡಿ. ಅವಕ್ಕೆ ಉಸಿರಾಟವೇ ಕಷ್ಟ, ಬಿಸಿ ತಡೆಯುವುದಿಲ್ಲ.

ಇನ್ನು ಆ ರಾತ್ರಿ ಬಸ್ಸಿನ ವಿಷಯ. ಮರಿಯನ್ನು ರಟ್ಟಿನ ಡಬ್ಬಿಗೆ ಹಾಕಿ, ನಾಲ್ಕು ತೂತು ಮಾಡಿ, ಖಾಸಗಿ ಬಸ್ಸಿನ ಡಿಕ್ಕಿಯಲ್ಲಿ ಲಗೇಜಿನ ಜೊತೆ ಕಳಿಸುವ ಪದ್ಧತಿ ಇದು. ಅಲ್ಲಿ ಗಾಳಿ ಇಲ್ಲ. ಎಂಜಿನ್ನಿನ ಬಿಸಿ, ಹೊಗೆ. ಬ್ರೇಕ್ ಹಾಕಿದರೆ ಪಕ್ಕದ ಮೂಟೆ ಮೇಲೆ ಬೀಳುತ್ತದೆ. ನೀರು ಕೊಡುವವರಿಲ್ಲ. 1978ರ ಪ್ರಾಣಿ ಸಾಗಣೆ ನಿಯಮಗಳ ಪ್ರಕಾರ ಮರಿಗಳಿಗೆ ದಾರಿಯಲ್ಲಿ ನಾಲ್ಕು ಗಂಟೆಗೊಮ್ಮೆ ಆಹಾರ ಕೊಡಬೇಕು. ನೀರು ಬೇಸಿಗೆಯಲ್ಲಿ ನಾಲ್ಕು ಗಂಟೆಗೊಮ್ಮೆ, ಚಳಿಗಾಲದಲ್ಲಿ ಆರು ಗಂಟೆಗೊಮ್ಮೆ. ಡಿಕ್ಕಿಯೊಳಗೆ ಇದನ್ನು ಯಾರು ಮಾಡುತ್ತಾರೆ? ಬೆಳಗ್ಗೆ ಡಬ್ಬಿ ತೆರೆದಾಗ ಮರಿ ಬದುಕಿದ್ದರೆ ಅದು ನಿಮ್ಮ ಅದೃಷ್ಟ. ಹಾಗೆ ಕಳಿಸಿದ ಮರಿಯ ಹೆದರಿಕೆ ಹೋಗಲು ಎಷ್ಟು ದಿನ ಬೇಕೋ.

ಆನ್‌ಲೈನಿನಲ್ಲಿ ಫೋಟೋ ತೋರಿಸಿ, ‘ಮುಂಗಡ ಹಾಕಿ, ಕೊರಿಯರ್ ಮಾಡ್ತೀವಿ’ ಎನ್ನುವವರದ್ದು ಇನ್ನೊಂದು ಕಥೆ. ಮೊದಲು ಸಾಗಣೆ ಖರ್ಚು, ಆಮೇಲೆ ಪಂಜರದ ಖರ್ಚು, ಆಮೇಲೆ ವಿಮೆ ಎಂದು ಕೇಳುತ್ತಲೇ ಹೋಗುತ್ತಾರೆ. ಮರಿ ಬರುವುದೇ ಇಲ್ಲ. ಕಣ್ಣಿಂದ ಮರಿ ನೋಡದೆ ಪೂರ್ತಿ ಹಣ ಕೊಡಬೇಡಿ.

3. ಕಾಗದಪತ್ರ

ಕೈಯಲ್ಲಿ ಮೂರು ಇರಬೇಕು.

ಮೊದಲನೆಯದು ಲಸಿಕೆ ಕಾರ್ಡ್. ಮೊದಲ ಚುಚ್ಚುಮದ್ದು ಸಾಮಾನ್ಯವಾಗಿ 6ರಿಂದ 8 ವಾರಕ್ಕೆ ಆಗುತ್ತದೆ. ಪಾರ್ವೋ, ಡಿಸ್ಟೆಂಪರ್ ಮುಂತಾದ ಕಾಯಿಲೆಗಳನ್ನು ತಡೆಯುವ ಲಸಿಕೆ ಅದು. ಕಾರ್ಡಿನಲ್ಲಿ ಬರೀ ಪೆನ್ನಿನಲ್ಲಿ ತಾರೀಖು ಬರೆದಿದ್ದರೆ ನಂಬಬೇಡಿ. ಲಸಿಕೆ ಸೀಸೆಯ ಮೇಲಿನ ಸಣ್ಣ ಸ್ಟಿಕ್ಕರ್ ಅಂಟಿಸಿ, ಪಶುವೈದ್ಯರು ಸಹಿ ಮಾಡಿ ಮೊಹರು ಹಾಕಿರಬೇಕು. ಜಂತುಹುಳದ ಔಷಧಿ ಯಾವ ಯಾವ ದಿನ ಕೊಟ್ಟಿದ್ದಾರೆ ಎಂಬುದೂ ಅದರಲ್ಲಿರಬೇಕು. ರೇಬಿಸ್ ಲಸಿಕೆ ಹಾಕುವುದು ಮೂರು ತಿಂಗಳ ಹೊತ್ತಿಗೆ. ಆದ್ದರಿಂದ ಎರಡು ತಿಂಗಳ ಮರಿಯ ಕಾರ್ಡಿನಲ್ಲಿ ಅದು ಇಲ್ಲದಿದ್ದರೆ ಗಾಬರಿ ಬೇಡ. ಆದರೆ ಆ ಮರಿ ಯಾರಿಗಾದರೂ ರಕ್ತ ಬರುವಂತೆ ಕಚ್ಚಿದರೆ ಗಾಯವನ್ನು ಸೋಪು ನೀರಿನಿಂದ 15 ನಿಮಿಷ ತೊಳೆದು ವೈದ್ಯರಿಗೆ ತೋರಿಸಿ.

ಎರಡನೆಯದು ಆರೋಗ್ಯ ಪ್ರಮಾಣಪತ್ರ. ‘ಈ ಮರಿ ಪ್ರಯಾಣಕ್ಕೆ ಯೋಗ್ಯವಾಗಿದೆ, ಅಂಟುರೋಗದ ಲಕ್ಷಣ ಇಲ್ಲ’ ಎಂದು ಪಶುವೈದ್ಯರು ಬರೆದುಕೊಡುವ ಪತ್ರ. ಇದೂ 1978ರ ನಿಯಮದಲ್ಲೇ ಇದೆ. ರೈಲು, ವಿಮಾನಕ್ಕೆ ಇಲ್ಲದಿದ್ದರೆ ಹತ್ತಿಸಿಕೊಳ್ಳುವುದೇ ಇಲ್ಲ. ಕಾರಿನಲ್ಲಿ ಯಾರು ಕೇಳುತ್ತಾರೆ ಎಂದು ಬಿಡಬೇಡಿ. ಈ ಪತ್ರದ ನೆಪದಲ್ಲಿ ಹೊರಡುವ ಮುಂಚೆ ವೈದ್ಯರು ಒಮ್ಮೆ ಮರಿಯನ್ನು ಮುಟ್ಟಿ ನೋಡುತ್ತಾರೆ. ನಮಗೆ ಬೇಕಾದದ್ದು ಅದೇ.

ಮೂರನೆಯದು ಕೊಂಡದ್ದಕ್ಕೆ ರಸೀದಿ. ಹುಟ್ಟಿದ ತಾರೀಖು, ಗಂಡೋ ಹೆಣ್ಣೋ, ಬಣ್ಣ, ಮೈಕ್ರೋಚಿಪ್ ಹಾಕಿದ್ದರೆ ಅದರ 15 ಅಂಕಿಯ ಸಂಖ್ಯೆ, ಮಾರಿದವರ ಸಹಿ. ಮೈಕ್ರೋಚಿಪ್ ಎಂದರೆ ಚರ್ಮದಡಿ ಹಾಕುವ ಅಕ್ಕಿಕಾಳಿನಷ್ಟು ದೊಡ್ಡ ಗುರುತು. ಯಂತ್ರ ಹಿಡಿದರೆ ಸಂಖ್ಯೆ ತೋರಿಸುತ್ತದೆ.

4. ಏನೇನು ಕಟ್ಟಿಕೊಳ್ಳಬೇಕು

ಕ್ರೇಟ್, ಅಂದರೆ ಬಾಗಿಲಿರುವ ಪ್ಲಾಸ್ಟಿಕ್ ಗೂಡು. ಮರಿ ಎದ್ದು ನಿಲ್ಲಲು, ತಿರುಗಲು, ಕಾಲು ಚಾಚಿ ಮಲಗಲು ಜಾಗ ಇರಬೇಕು. ತೀರಾ ದೊಡ್ಡದೂ ಬೇಡ, ಬ್ರೇಕ್ ಹಾಕಿದಾಗ ಮರಿ ಒಳಗೇ ಉರುಳಾಡುತ್ತದೆ. ಮುಧೋಳ ಮರಿಯ ಕಾಲು ಉದ್ದ, ಆದ್ದರಿಂದ ಉಳಿದ ಮರಿಗಳಿಗಿಂತ ಸ್ವಲ್ಪ ಎತ್ತರದ್ದು ತನ್ನಿ. ತೊಡೆಯ ಮೇಲೆ ಕೂರಿಸಿಕೊಂಡು ಬರೋಣ ಎಂದು ಎಲ್ಲರಿಗೂ ಆಸೆ. ಆದರೆ ಗಾಡಿ ಒಮ್ಮೆಲೇ ನಿಂತರೆ ಕೈಯಲ್ಲಿರುವ ಮರಿ ಮುಂದಕ್ಕೆ ಹಾರುತ್ತದೆ. ಕ್ರೇಟನ್ನು ಹಿಂದಿನ ಸೀಟಿನಲ್ಲಿಟ್ಟು ಸೀಟ್‌ಬೆಲ್ಟ್ ಬಿಗಿಯಿರಿ.

ಉಳಿದದ್ದು ಮನೆಯಲ್ಲೇ ಸಿಗುವ ಸಾಮಾನು. ಹಳೆ ಪೇಪರಿನ ದಪ್ಪ ಕಟ್ಟು, ನಾಲ್ಕೈದು ಹಳೆ ಹತ್ತಿ ಸೀರೆ ತುಂಡು, ಎರಡು ಟವೆಲ್, ಒದ್ದೆ ಟಿಶ್ಯೂ, ಕಸ ಹಾಕಲು ಚೀಲ, ಕುದಿಸಿ ಆರಿಸಿದ ನೀರು, ಚಿಕ್ಕ ಬಟ್ಟಲು, ಒಂದು ಸಣ್ಣ ಸೀಸೆ ಜೇನುತುಪ್ಪ. ಜೇನು ಯಾಕೆ ಎಂದು ಮುಂದೆ ಹೇಳುತ್ತೇನೆ. ಮುಧೋಳ ಮರಿಯಾದರೆ ಒಂದು ಸಣ್ಣ ಕಂಬಳಿಯೂ ಬೇಕು. ಈ ಜಾತಿಗೆ ಮೈಯಲ್ಲಿ ಕೊಬ್ಬು ಕಡಿಮೆ, ಚರ್ಮ ತೆಳು, ಕೂದಲು ಗಿಡ್ಡ. ನಮಗೆ ಹಿತವಾದ ಏಸಿ ಅದಕ್ಕೆ ಚಳಿ.

ಕೊರಳ ಪಟ್ಟಿಯ ಬದಲು ಎದೆಗೆ ಹಾಕುವ ಪಟ್ಟಿ ತನ್ನಿ. ಮುಧೋಳದ ತಲೆ ಸಪೂರ, ಕೊರಳ ಪಟ್ಟಿ ಸುಲಭವಾಗಿ ಜಾರಿಬಿಡುತ್ತದೆ. ಹೆದ್ದಾರಿ ಬದಿಯಲ್ಲಿ ತಪ್ಪಿಸಿಕೊಂಡ ಬೇಟೆ ನಾಯಿ ಮರಿಯನ್ನು ಓಡಿ ಹಿಡಿಯುವುದು ನಮ್ಮಿಂದ ಆಗುವ ಕೆಲಸವಲ್ಲ.

5. ಮರಿಯನ್ನು ಕೈಗೆ ತೆಗೆದುಕೊಳ್ಳುವ ಮುಂಚೆ

ಹಿಂದಿನ ದಿನವೇ ಹೋಗಿ ಬಾಗಲಕೋಟೆಯಲ್ಲೋ ಮುಧೋಳದಲ್ಲೋ ಉಳಿದುಕೊಳ್ಳಿ. ಸಂಜೆ ಒಮ್ಮೆ ಮರಿಯನ್ನು ನೋಡಿ, ಬೆಳಗ್ಗೆ ಇನ್ನೊಮ್ಮೆ ನೋಡಿ. ಬೆಂಗಳೂರಿನಿಂದ ರಾತ್ರಿಯಿಡೀ ಓಡಿಸಿಕೊಂಡು ಹೋಗಿ, ಹತ್ತು ನಿಮಿಷ ನೋಡಿ, ಅದೇ ಸುಸ್ತಿನಲ್ಲಿ ತಿರುಗಿ ಬರುವವರು ಬಹಳ. ಸುಸ್ತಾದ ಕಣ್ಣಿಗೆ ಕಾಯಿಲೆ ಕಾಣುವುದಿಲ್ಲ.

ಏನು ನೋಡಬೇಕು? ಕಣ್ಣು, ಮೂಗು ಸೋರಬಾರದು. ತುಟಿ ಎತ್ತಿ ವಸಡು ನೋಡಿ, ಗುಲಾಬಿ ಬಣ್ಣ ಇರಬೇಕು. ಬಿಳಚಿಕೊಂಡಿದ್ದರೆ ರಕ್ತ ಕಡಿಮೆ ಎಂದರ್ಥ, ಕಾರಣ ಹುಳವೋ ಉಣ್ಣಿಯೋ ಇರಬಹುದು. ಪಕ್ಕೆಲುಬು ಕಾಣುತ್ತಾ ಹೊಟ್ಟೆ ಮಾತ್ರ ಉಬ್ಬಿದ್ದರೆ ಜಂತುಹುಳ ಇರಬಹುದು. ಕಿವಿಯೊಳಗೆ, ಬೆರಳುಗಳ ಸಂದಿಯಲ್ಲಿ ಉಣ್ಣಿ ಹುಡುಕಿ. ಓಡಾಡಿಸಿ, ಕುಂಟುತ್ತದೆಯಾ ನೋಡಿ. ಊಟ ಹಾಕಿಸಿ, ಮುಗಿಬಿದ್ದು ತಿನ್ನುತ್ತದೆಯಾ ನೋಡಿ.

ನಿಮ್ಮ ಮರಿಯನ್ನಷ್ಟೇ ನೋಡಿ ಸುಮ್ನೆ ಬರಬೇಡಿ. ಜೊತೆಯ ಮರಿಗಳನ್ನೂ ನೋಡಿ, ಅಂಗಳದಲ್ಲಿ ಬಿದ್ದ ಹೇಲನ್ನೂ ನೋಡಿ. ಒಂದು ಮರಿಗೆ ನೀರಿನಂಥ ಭೇದಿ ಇದ್ದರೂ, ಒಂದು ಮರಿ ಮೂಲೆಯಲ್ಲಿ ಮುದುಡಿ ಮಲಗಿದ್ದರೂ ಅವತ್ತು ಯಾವ ಮರಿಯನ್ನೂ ತರಬೇಡಿ. ಬರಿಗೈಲಿ 500 ಕಿಲೋಮೀಟರ್ ವಾಪಸ್ ಬರುವುದು ಬೇಜಾರಿನ ಸಂಗತಿ, ನಿಜ. ಎರಡು ವಾರ ಬಿಟ್ಟು ಮತ್ತೆ ಹೋಗಿ. ಅಷ್ಟರಲ್ಲಿ ರೋಗ ಇದ್ದರೆ ಹೊರಗೆ ಬಂದಿರುತ್ತದೆ.

ಕೊನೆಗೆ ಎರಡು ವಸ್ತು ಕೇಳಿ ಪಡೆಯಿರಿ. ಒಂದು, ತಾಯಿ ಮತ್ತು ಮರಿಗಳು ಮಲಗುವ ಬಟ್ಟೆಯ ಒಂದು ತುಂಡು. ಅದರ ವಾಸನೆ ಇದ್ದರೆ ದಾರಿಯಲ್ಲಿ ಅಳು ಅರ್ಧ ಕಡಿಮೆ. ಇನ್ನೊಂದು, ಅಲ್ಲಿ ತಿನ್ನುತ್ತಿದ್ದ ಆಹಾರ, ಒಂದು ವಾರಕ್ಕಾಗುವಷ್ಟು. ಗೋವಿನಜೋಳದ ನುಚ್ಚೋ, ರೊಟ್ಟಿಯೋ, ಅಂಗಡಿಯ ಆಹಾರವೋ, ಏನು ತಿನ್ನುತ್ತಿತ್ತೋ ಅದೇ. ಎಷ್ಟು ಹೊತ್ತಿಗೆ, ಎಷ್ಟು ಎಂದು ಬರೆದುಕೊಳ್ಳಿ. ಬೆಂಗಳೂರಿಗೆ ಬಂದ ದಿನವೇ ದುಬಾರಿ ಪಾಕೆಟ್ ಒಡೆದು ಹಾಕಿದರೆ ಭೇದಿ ಖಂಡಿತ. ಆಮೇಲೆ ಅದು ಆಹಾರದ್ದೋ ರೋಗದ್ದೋ ಎಂದು ನೀವೂ ವೈದ್ಯರೂ ತಲೆ ಕೆಡಿಸಿಕೊಳ್ಳಬೇಕಾಗುತ್ತದೆ.

6. ಹೊರಡುವ ಹೊತ್ತು

ಹೊರಡಲು ಎರಡು ಗಂಟೆ ಇರುವಾಗ ಅರ್ಧ ಹೊಟ್ಟೆ ಊಟ, ಸಾಕಷ್ಟು ನೀರು. ತುಂಬಿದ ಹೊಟ್ಟೆಯಲ್ಲಿ ಹೊರಟರೆ ಲೋಕಾಪುರ ದಾಟುವ ಮುಂಚೆಯೇ ವಾಂತಿ. ಹಾಗೆಂದು ಇಡೀ ದಿನ ಉಪವಾಸ ಹಾಕುವುದು ಇನ್ನೂ ದೊಡ್ಡ ತಪ್ಪು. ಹೊರಡುವ ಹತ್ತು ನಿಮಿಷ ಮುಂಚೆ ಅದರ ಅಂಗಳದಲ್ಲೇ ಓಡಾಡಿಸಿ, ಉಚ್ಚೆ, ಹೇಲು ಮಾಡಿಸಿ.

ಬಾಗಲಕೋಟೆ ಕಡೆ ಏಪ್ರಿಲ್, ಮೇನಲ್ಲಿ 40 ಡಿಗ್ರಿ ಸುಡುತ್ತದೆ. ಆಗುವುದಾದರೆ ಆ ಎರಡು ತಿಂಗಳು ಬಿಟ್ಟು ಹೋಗಿ. ಆಗದಿದ್ದರೆ ಬೆಳಗಿನ ಜಾವ ನಾಲ್ಕಕ್ಕೆ ಹೊರಟುಬಿಡಿ. ಬಿಸಿಲು ಏರುವ ಹೊತ್ತಿಗೆ ಹೊಸಪೇಟೆ ದಾಟಿರಬೇಕು. ಏಸಿ ಹಾಕಿ, ಆದರೆ ಗಾಳಿ ನೇರ ಕ್ರೇಟಿಗೆ ಬೀಸದಂತೆ ತಿರುಗಿಸಿ. ಬಿಸಿಲು ಬೀಳುವ ಕಡೆಯ ಗಾಜಿಗೆ ಬಟ್ಟೆ ಸಿಕ್ಕಿಸಿ.

ವಾಂತಿ ಆಗದಿರಲಿ ಎಂದು ನಮ್ಮ ಮಾತ್ರೆಯನ್ನೇ ಅರ್ಧ ಮುರಿದು ಕೊಡುವವರಿದ್ದಾರೆ. ನಿದ್ದೆ ಬರಲಿ ಎಂದು ಕೊಡುವವರೂ ಇದ್ದಾರೆ. ಎರಡೂ ಬೇಡ. ಬೇಟೆ ನಾಯಿಗಳ ಮೈ ಕೆಲವು ಮಂಪರು ಔಷಧಿಗಳನ್ನು ಸುಲಭಕ್ಕೆ ತಡೆದುಕೊಳ್ಳುವುದಿಲ್ಲ. ಔಷಧಿ ಬೇಕೇ ಬೇಕು ಎಂದಾದರೆ ಪ್ರಮಾಣಪತ್ರ ಬರೆಯುವ ವೈದ್ಯರನ್ನೇ ಕೇಳಿ, ಮರಿಯ ತೂಕ ನೋಡಿ ಅವರು ಹೇಳಲಿ.

7. ದಾರಿಯಲ್ಲಿ

ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ಪಾರ್ವೋ ಎಂಬುದು ಮರಿಗಳ ಕರುಳಿಗೆ ಬರುವ ವೈರಸ್ ರೋಗ. ರೋಗಿ ನಾಯಿಯ ಹೇಲಿನಿಂದ ನೆಲಕ್ಕೆ ಸೇರುತ್ತದೆ. ಒಣಗಿ ಕಣ್ಣಿಗೆ ಕಾಣದಂತಾದ ಮೇಲೂ ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವಂತ ಇರುತ್ತದೆ. ಮನೆಯಲ್ಲಿ ಬಳಸುವ ಸಾಮಾನ್ಯ ನೆಲ ಒರೆಸುವ ದ್ರಾವಣಕ್ಕೆ ಸಾಯುವುದಿಲ್ಲ. ಎಂಟು ವಾರದ ಮರಿಗೆ ತಾಯಿಹಾಲಿನಿಂದ ಬಂದ ರಕ್ಷಣೆ ಇಳಿಯುತ್ತಾ ಇರುತ್ತದೆ, ಒಂದು ಲಸಿಕೆಯಿಂದ ಪೂರ್ತಿ ರಕ್ಷಣೆ ಬಂದಿರುವುದಿಲ್ಲ. ಮರಿಗೆ 16 ವಾರ ಆಗುವವರೆಗೆ 3-4 ವಾರಕ್ಕೊಮ್ಮೆ ಮತ್ತೆ ಚುಚ್ಚಿಸುವುದು ಇದಕ್ಕೇ. ಈಗ ಯೋಚಿಸಿ. ಹೆದ್ದಾರಿಯ ಪೆಟ್ರೋಲ್ ಬಂಕು, ಡಾಬಾ, ಟೋಲ್ ಪಕ್ಕದ ಹುಲ್ಲು, ಇಲ್ಲೆಲ್ಲ ದಿನಕ್ಕೆ ಎಷ್ಟು ನಾಯಿಗಳು ಓಡಾಡುತ್ತವೆ? ನಮ್ಮ ಮರಿಯನ್ನು ‘ಪಾಪ, ಕಾಲು ಆಡಿಸಲಿ’ ಎಂದು ಬಿಡುವುದು ಅಲ್ಲೇ.

ನಾನು ಮೊದಲ ಸಲ ಮರಿ ತಂದಾಗ ಹಾಗೇ ಬಿಟ್ಟಿದ್ದೆ, ಐದು ನಿಮಿಷ. ಐದನೇ ದಿನ ವಾಂತಿ ಶುರುವಾಯಿತು. ಎಂಟನೇ ದಿನ ಮರಿ ಉಳಿಯಲಿಲ್ಲ. ಅಲ್ಲೇ ತಗುಲಿತು ಎಂದು ಪ್ರಮಾಣ ಮಾಡಿ ಹೇಳಲಾರೆ. ಆಮೇಲೆ ಮಾತ್ರ ಯಾವ ಮರಿಯನ್ನೂ ದಾರಿಯಲ್ಲಿ ಇಳಿಸಿಲ್ಲ.

ಹಾಗಾದರೆ ಉಚ್ಚೆ ಎಲ್ಲಿ ಮಾಡಬೇಕು? ಕಾರಿನೊಳಗೇ. ಹಿಂದಿನ ಸೀಟಿನ ಕಾಲಿಡುವ ಜಾಗದಲ್ಲಿ ಪ್ಲಾಸ್ಟಿಕ್ ಹಾಸಿ, ಮೇಲೆ ದಪ್ಪಗೆ ಪೇಪರ್ ಹಾಕಿ. ಗಾಡಿ ನಿಲ್ಲಿಸಿ, ಎಲ್ಲ ಬಾಗಿಲು, ಗಾಜು ಮುಚ್ಚಿದೆಯಾ ಎಂದು ನೋಡಿದ ಮೇಲೆ ಕ್ರೇಟ್ ತೆರೆದು ಮರಿಯನ್ನು ಅಲ್ಲಿ ಬಿಡಿ. ಅದು ಮೂಸಿ, ತಿರುಗಿ, ಮಾಡಿಕೊಳ್ಳುತ್ತದೆ. ಪೇಪರ್ ಸುತ್ತಿ ಚೀಲಕ್ಕೆ ಹಾಕಿ. ನೀವೂ ಹೊರಗೆ ಇಳಿದು ಬಂದವರಾದರೆ ಮರಿ ಮುಟ್ಟುವ ಮುಂಚೆ ಸೋಪಿನಿಂದ ಕೈ ತೊಳೆದುಕೊಳ್ಳಿ. ಚಪ್ಪಲಿಯನ್ನು ಆ ಪೇಪರಿನ ಮೇಲೆ ಇಡಬೇಡಿ. ಡಾಬಾದ ಬೀದಿನಾಯಿಗೆ ಬಿಸ್ಕತ್ತು ಹಾಕಿ ತಲೆ ಸವರಿ ಬರುವ ಅಭ್ಯಾಸ ಇದ್ದರೆ ಅವತ್ತೊಂದು ದಿನ ಬಿಟ್ಟುಬಿಡಿ.

ಎರಡು ಗಂಟೆಗೊಮ್ಮೆ ನಿಲ್ಲಿಸಿದರೆ ಸಾಕು. ಇಳಕಲ್ ದಾಟಿ ಒಮ್ಮೆ, ಹೊಸಪೇಟೆ ಹತ್ತಿರ ಒಮ್ಮೆ, ಚಿತ್ರದುರ್ಗದಲ್ಲಿ ಒಮ್ಮೆ, ಶಿರಾದಲ್ಲಿ ಒಮ್ಮೆ. ಪ್ರತಿ ಸಲವೂ ನಾಲ್ಕೈದು ಗುಟುಕು ನೀರು. ನಾಲ್ಕು ಗಂಟೆಗೊಮ್ಮೆ ಒಂದು ಹಿಡಿ ಊಟ. ಗಾಡಿ ಓಡುವಾಗ ತಿನ್ನಿಸಬೇಡಿ. ತಿನ್ನಿಸಿದ ಮೇಲೆ 15-20 ನಿಮಿಷ ನಿಂತೇ ಇರಿ.

ಜೊಲ್ಲು ಸುರಿಸುವುದು, ಪದೇ ಪದೇ ಆಕಳಿಸುವುದು, ತುಟಿ ನೆಕ್ಕುವುದು, ಇವು ವಾಂತಿ ಬರುವ ಸೂಚನೆ. ಮರಿಗಳಿಗೆ ಒಳಗಿವಿಯ ಸಮತೋಲ ಇನ್ನೂ ಬಲಿತಿರುವುದಿಲ್ಲ, ಅದಕ್ಕೇ ಹೀಗೆ. ವೇಗ ತಗ್ಗಿಸಿ, ಗಾಜು ಎರಡು ಬೆರಳು ಇಳಿಸಿ. ಒಂದೆರಡು ಸಲ ವಾಂತಿ ಮಾಡಿ, ಬಟ್ಟೆ ಬದಲಿಸಿದ ಮೇಲೆ ಮಲಗಿಬಿಟ್ಟರೆ ಚಿಂತೆಯಿಲ್ಲ. ಅತ್ತರೆ ಕ್ರೇಟಿನ ಜಾಲರಿಯೊಳಗೆ ಬೆರಳು ಇಟ್ಟು ಮೆಲ್ಲಗೆ ಮಾತಾಡಿ. ಜೋರು ಹಾಡು, ಎಡೆಬಿಡದ ಹಾರ್ನ್ ಬೇಡ.

ಅಮೀನಗಡದಲ್ಲಿ ಕರದಂಟು ಕೊಳ್ಳದೆ ಬರಲು ಆಗುತ್ತದಾ? ಕೊಳ್ಳಿ, ಆದರೆ ಒಬ್ಬರು ಮಾತ್ರ ಇಳಿಯಿರಿ. ಹೊರಗೆ 30 ಡಿಗ್ರಿ ಇದ್ದರೂ ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ಕಾರು ಹತ್ತೇ ನಿಮಿಷದಲ್ಲಿ 40ರ ಹತ್ತಿರ ಹೋಗುತ್ತದೆ. ಹಾಗೇ ಕರದಂಟನ್ನು ಮರಿಗೆ ಎಟಕದ ಕಡೆ ಇಡಿ. ಒಣದ್ರಾಕ್ಷಿ ನಾಯಿಗೆ ವಿಷ, ಮೂತ್ರಪಿಂಡ ಕೆಡಿಸುತ್ತದೆ. ಚಾಕೊಲೇಟ್ ಕೂಡ ವಿಷವೇ.

8. ಇವು ಕಂಡರೆ ಗಾಡಿ ನಿಲ್ಲಿಸಿ

ಮರಿ ಮೆತ್ತಗಾಗಿ ಜೋಲುತ್ತಿದೆ, ನಡುಗುತ್ತಿದೆ, ನಿಲ್ಲಿಸಿದರೆ ತೂರಾಡುತ್ತಿದೆ ಎಂದರೆ ರಕ್ತದಲ್ಲಿ ಸಕ್ಕರೆ ಇಳಿದಿರಬಹುದು. ಉಪವಾಸ ಬಿದ್ದ ಸಣ್ಣ ಮರಿಗಳಿಗೆ ಇದು ಬೇಗ ಆಗುತ್ತದೆ. ಜೇನು ತರಲು ಹೇಳಿದ್ದು ಇದಕ್ಕೇ. ಬೆರಳಿಗೆ ಹಚ್ಚಿಕೊಂಡು ವಸಡಿಗೆ ಸವರಿ. ಬಾಯೊಳಗೆ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಕಂಬಳಿ ಸುತ್ತಿ ಬೆಚ್ಚಗಿಟ್ಟು ಹತ್ತಿರದ ಪಶು ಆಸ್ಪತ್ರೆಗೆ ಒಯ್ಯಿರಿ.

ಬಾಯಿ ತೆರೆದು ಜೋರಾಗಿ ಏದುಸಿರು ಬಿಡುತ್ತಿದೆ, ವಸಡು ಕಡುಕೆಂಪಾಗಿದೆ ಎಂದರೆ ಬಿಸಿ ತಾಗಿದೆ. ನೆರಳಿಗೆ ನಿಲ್ಲಿಸಿ, ಹೊಟ್ಟೆ, ತೊಡೆಸಂದಿ, ಪಾದಗಳಿಗೆ ಮಾಮೂಲಿ ನೀರು ಹಚ್ಚಿ ಗಾಳಿ ಬೀಸಿ. ಮಂಜುಗಡ್ಡೆ ಬೇಡ. ಮೈ ತಣಿಸುತ್ತಲೇ ವೈದ್ಯರ ಹತ್ತಿರ ಹೋಗಿ.

ರಕ್ತ ಬೆರೆತ ಭೇದಿ ಕಂಡರೆ ಮನೆ ಮುಟ್ಟುವವರೆಗೆ ಕಾಯಬೇಡಿ. ಬಾಗಲಕೋಟೆ, ಹೊಸಪೇಟೆ, ಚಿತ್ರದುರ್ಗ, ತುಮಕೂರುಗಳಲ್ಲಿ ಪಶುವೈದ್ಯರ ಫೋನ್ ನಂಬರ್ ಹೊರಡುವ ಮುಂಚೆಯೇ ಬರೆದಿಟ್ಟುಕೊಳ್ಳಿ. ನೆಟ್‌ವರ್ಕ್ ಇಲ್ಲದ ಕಡೆ ಹುಡುಕುತ್ತಾ ಕೂರಲು ಆಗುವುದಿಲ್ಲ.

9. ಮನೆ ಮುಟ್ಟಿದ ಮೇಲೆ

ಆರತಿ ಎತ್ತಿ, ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸುವ ಆಸೆ ಇರುತ್ತದೆ. ಒಂದು ವಾರ ತಡೆದುಕೊಳ್ಳಿ. ಮೊದಲು ಉಚ್ಚೆಗೆ ಎಂದು ಗೊತ್ತು ಮಾಡಿದ ಜಾಗಕ್ಕೆ ನೇರ ಎತ್ತಿಕೊಂಡು ಹೋಗಿ. ಆಮೇಲೆ ನೀರು, ಸ್ವಲ್ಪ ಊಟ, ನಿದ್ದೆ. ವಾಂತಿಯ ವಾಸನೆ ಇದೆ ಎಂದು ಸ್ನಾನ ಮಾಡಿಸಬೇಡಿ, ಸುಸ್ತಾದ ಮರಿಗೆ ಶೀತ ಹಿಡಿಯುತ್ತದೆ. ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣಗಿಸಿ, ಸಾಕು.

ಮನೆಯಲ್ಲಿ ಬೇರೆ ನಾಯಿ ಇದ್ದರೆ ಎರಡು ವಾರ ಬೇರೆ ಕೋಣೆ, ಬೇರೆ ತಟ್ಟೆ. ಹಿಂದೆ ಪಾರ್ವೋದಿಂದ ಮರಿ ಸತ್ತ ಮನೆಯಾದರೆ ಹೊಸ ಮರಿ ತರುವ ಮುಂಚೆಯೇ ನೆಲವನ್ನು ಸೋಪಿನಿಂದ ತೊಳೆದು, ಒಂದು ಪಾಲು ಬ್ಲೀಚಿಗೆ 30 ಪಾಲು ನೀರು ಬೆರೆಸಿ ನೆಲಕ್ಕೆ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಮಣ್ಣಿನ ಅಂಗಳವಾದರೆ ಬ್ಲೀಚು ಕೆಲಸ ಮಾಡುವುದಿಲ್ಲ. ಅಲ್ಲಿ ಮರಿಯನ್ನು ಬಿಡಬೇಡಿ.

ಒಂದೆರಡು ದಿನದೊಳಗೆ ನಿಮ್ಮ ಊರಿನ ಪಶುವೈದ್ಯರಿಗೆ ತೋರಿಸಿ. ಕಾರ್ಡ್, ಪ್ರಮಾಣಪತ್ರ ಎರಡನ್ನೂ ಒಯ್ಯಿರಿ. ಆಸ್ಪತ್ರೆಯ ನೆಲಕ್ಕೂ ಬಿಡಬೇಡಿ, ಕ್ರೇಟಿನಲ್ಲೇ ಇರಲಿ. ಮುಂದಿನ ಎರಡು ವಾರ ಊಟ, ಹೇಲು, ಚುರುಕು ಮೂರನ್ನೂ ದಿನವೂ ಗಮನಿಸಿ. ಪಾರ್ವೋ ತಗುಲಿದ್ದರೆ ಸಾಮಾನ್ಯವಾಗಿ ಮೂರರಿಂದ ಏಳು ದಿನದಲ್ಲಿ ಕಾಣಿಸಿಕೊಳ್ಳುತ್ತದೆ, ಕೆಲವೊಮ್ಮೆ ಎರಡು ವಾರ ಹಿಡಿಯುತ್ತದೆ. ಒಂದು ಹೊತ್ತಿನ ಊಟ ಬಿಟ್ಟು ಮಂಕಾದರೆ ಅವತ್ತೇ ಕರೆದುಕೊಂಡು ಹೋಗಿ, ‘ನಾಳೆ ನೋಡೋಣ’ ಬೇಡ. ಬೇಗ ಡ್ರಿಪ್ ಹಾಕಿಸಿದ ಮರಿಗಳು ಉಳಿಯುವ ಸಾಧ್ಯತೆ ಜಾಸ್ತಿ.

ಮೊದಲ ರಾತ್ರಿ ಅಳುತ್ತದೆ. ಹುಟ್ಟಿದಾಗಿನಿಂದ ಐದಾರು ಮೈಗಳ ಬಿಸುಪಿನಲ್ಲಿ ಮಲಗಿದ ಜೀವ ಅದು. ಅಡುಗೆಮನೆಯಲ್ಲೋ ಪೋರ್ಟಿಕೋದಲ್ಲೋ ಒಂಟಿಯಾಗಿ ಕಟ್ಟಬೇಡಿ. ಕ್ರೇಟನ್ನು ನಿಮ್ಮ ಹಾಸಿಗೆಯ ಪಕ್ಕ ಇಡಿ, ತಾಯಿಯ ವಾಸನೆಯ ಬಟ್ಟೆಯನ್ನು ಒಳಗೆ ಹಾಕಿ. ಆ ಬಟ್ಟೆಯನ್ನು ಒಂದು ವಾರ ಒಗೆಯಬೇಡಿ. ರಾತ್ರಿ ಒಂದಕ್ಕೆ ಮತ್ತು ನಾಲ್ಕಕ್ಕೆ ಅಲಾರಾಂ ಇಟ್ಟು, ಎದ್ದು, ಎತ್ತಿಕೊಂಡು ಉಚ್ಚೆಯ ಜಾಗಕ್ಕೆ ಒಯ್ದು, ತಂದು ಮಲಗಿಸಿ. ದೀಪ ಹಾಕುವುದು, ಆಟ ಆಡಿಸುವುದು ಬೇಡ. ಹೆಚ್ಚಿನ ಮರಿಗಳು ಕೆಲವು ರಾತ್ರಿಗಳಲ್ಲಿ ಅಳು ನಿಲ್ಲಿಸುತ್ತವೆ.